ಹಸಿರು ಸೀರೆಯ ಹರಕೆ

ನಮ್ಮ ಮನೆಯಲ್ಲಿ ನೆನಪಿನ ಶಕ್ತಿ ಯಜಮಾನರದು, ಮರೆವು ನನ್ನದು. ಮದುವೆಯಾದ ಹೊಸದರಲ್ಲೇ ಹೀಗೆ ಪಾಲಾಗಿಹೋಗಿದೆ. ಅವರು ಛತ್ರಿಯನ್ನು ಬಸ್ಸಿನಲ್ಲಿ ಬಿಟ್ಟುಬಂದರೆ, ಅವರ ನೆನಪಿನ ಪ್ರಕಾರ ಬೆಳಿಗ್ಗೆ ನಾನದನ್ನು ಕೊಟ್ಟೇ ಇರುವುದಿಲ್ಲ. ಗೊಜ್ಜು ಮಾಡು ಎಂದು ಹೋದವರು ಊಟಕ್ಕೆ ಕೂತಾಗ, ಸಾರು ಅಂದಿದ್ದೆನಲ್ಲ ಎನ್ನುತ್ತಾರೆ. ರೇಗಿದರೆ ನಾನೂ ರೇಗಬಹುದು. ಅವರು ಕನಿಕರಪಡುತ್ತಾರೆ. ಹೋಗಲಿ ಬಿಡು, ಪಾಪ, ನಿನಗೆ ಈಚೆಗೆ ಮರೆವು ಎಂದು ಮೆತ್ತಗೆ ಹೇಳುವವರ ಹತ್ತಿರ ಹೇಗೆ ಜಗಳವಾಡುವುದು? ಈಗೀಗ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬೀದಿಯ ಕೊನೆಯಿಂದ ವಾಪಸು ಬಂದು ನೋಡುತ್ತೇನೆ. ಆರಿಸಿಯೇ ಇರುತ್ತೇನೆ.

ಅವರು ಅರೇಹಳ್ಳಿ ಕಡೆಯ ಸ್ಕೂಲಿನಲ್ಲಿ ಮೇಷ್ಟರಾಗಿದ್ದರು. ಬೇಲೂರಿನಲ್ಲಿ ಬಸ್ಸು ಬದಲಾಯಿಸಿ ಓಡಾಡಿ ಸಾಕಾಗಿ, ಅರಸೀಕೆರೆಗೆ ವರ್ಗವಾದರೆ ಮಾಲೇಕಲ್ಲು ತಿರುಪತಿಯಲ್ಲಿ ಮುಡಿ ಕೊಡುತ್ತೇನೆಂದು ಹರಕೆ ಹೊತ್ತರು. ನಾನು ಕಿವಿಯಾರೆ ಕೇಳಿದ್ದೆ. ವರ್ಗವಾಯಿತು. ಒಂದೆರಡು ತಿಂಗಳು ಕಳೆದರೂ ಹರಕೆಯ ಮಾತಿಲ್ಲ. ಕನ್ನಡಿಯ ಮುಂದೆ ತಮ್ಮ ದಟ್ಟ ಕ್ರಾಪನ್ನು ಬಾಚುತ್ತಿದ್ದಾಗ ನಾನೇ ನೆನಪಿಸಿದೆ. ಅವರು ಬಾಚಣಿಗೆ ಕೆಳಗಿಟ್ಟು, ಅದೇ ಕನಿಕರದಿಂದ ನೋಡಿದರು.

"ಹರಕೆ ಹೊತ್ತಿದ್ದು ನೀನು ಕಣೇ. ಆ ಹಸಿರು ಸೀರೆ ಉಟ್ಕೊಂಡು ದೇವರ ಮುಂದೆ ನಿಂತು ಹೇಳಿದೆ. ನಾನು ಬೇಡ ಅಂದೆ, ನೀನು ಕೇಳಲಿಲ್ಲ."

ನನ್ನ ಜಡೆ ಸೊಂಟ ಮುಟ್ಟುತ್ತದೆ. ಅಮ್ಮ ಹರಳೆಣ್ಣೆ ತಿಕ್ಕಿ ತಿಕ್ಕಿ ಬೆಳೆಸಿದ್ದು. ಭಯವಾಯಿತು. ಆದರೆ ಸಂಜೆಯ ಹೊತ್ತಿಗೆ ನನಗೂ ಹಸಿರು ಸೀರೆ, ನಂದಾದೀಪ, ಮುಗಿದ ಕೈ ಎಲ್ಲ ಕಣ್ಣಿಗೆ ಕಟ್ಟತೊಡಗಿತು. ಅದಕ್ಕೆ ಇನ್ನೂ ಹೆಚ್ಚು ಭಯವಾಯಿತು. ಅತ್ತೆಯನ್ನು ಕೇಳಿದೆ. ಹೊತ್ತಿದ್ದರೂ ಹೊತ್ತಿರಬಹುದು, ದೇವರ ಬಾಕಿ ಇಟ್ಟುಕೊಳ್ಳಬಾರದು ಎಂದರು.

ಶನಿವಾರ ಮೂವರೂ ಹೊರಟೆವು. ಹರಕೆ ಹೊತ್ತ ಸೀರೆಯಲ್ಲೇ ತೀರಿಸೋಣವೆಂದು ಹಸಿರು ಸೀರೆಯನ್ನೇ ಉಟ್ಟಿದ್ದೆ. ಮುಡಿ ತೆಗೆಯುವವರ ಮುಂದೆ ಕೂತು ಜಡೆ ಬಿಚ್ಚಿದೆ. ಅತ್ತೆ ಬಗ್ಗಿ ಸೆರಗು ಸರಿಮಾಡುತ್ತಾ, ಹೊಸ ಸೀರೆ, ಕೂದಲು ಅಂಟಿಕೊಳ್ಳುತ್ತೆ ಎಂದರು.

"ಇದನ್ನ ಯಾವಾಗ ತಂದಿದ್ದು ಅತ್ತೆ?"

"ವರ್ಗ ಆದ ಖುಷಿಗೆ ಬೇಲೂರಿಂದ ತಂದ್ನಲ್ಲಮ್ಮ. ನನಗೂ ಒಂದು ತಂದ."

ನಾನು ತಿರುಗಿ ನೋಡಿದೆ. ಅತ್ತೆಯೂ ಮಗನನ್ನು ನೋಡಿದರು. ಅವರು ಗೋಪುರ ನೋಡುತ್ತಿದ್ದರು.

"ಏನೂಂದ್ರೆ, ಬನ್ನಿ, ಕೂತ್ಕೊಳ್ಳಿ" ಎಂದು ನಾನು ಎದ್ದು ತುರುಬು ಕಟ್ಟಿದೆ. ತಾಯಿ ಕಣ್ಣೆದುರೇ ಇದ್ದುದರಿಂದ ತೆಪ್ಪಗೆ ಕೂತರು.

ಈಗ ಮನೆಗೆ ಬಂದವರೆಲ್ಲ ಆ ಬೋಳು ತಲೆಯನ್ನು ನೋಡಿ ವಿಚಾರಿಸುತ್ತಾರೆ. ಯಜಮಾನರು, ಹರಕೆ ಇವಳದೇ, ಅಷ್ಟುದ್ದದ ಜಡೆ ಹೋಗುತ್ತಲ್ಲ ಎಂದು ಮನಸ್ಸು ತಡೆಯದೆ ನಾನೇ ಕೂತೆ ಎನ್ನುತ್ತಾರೆ. ಮೊನ್ನೆ ಪಕ್ಕದ ಮನೆಯಾಕೆ ಅದನ್ನು ಕೇಳಿ ಕಣ್ಣೊರೆಸಿಕೊಂಡರು. ಕಾಫಿ ಹಿಡಿದು ನಿಂತಿದ್ದ ನನಗೂ, ಎಂಥ ಗಂಡ ಸಿಕ್ಕಿದ್ದಾರಪ್ಪ ಎಂದು ಕಣ್ಣು ತುಂಬಿಬಂತು. ಲೋಟ ತೊಳೆಯುವಾಗ ಸೀರೆಯ ನೆನಪಾಯಿತು. ಕೈ ಒರೆಸಿಕೊಂಡು ಹೋಗಿ, ಬೀರು ತೆಗೆದು, ಅದು ಹಸಿರೇ ಹೌದೋ ಅಲ್ಲವೋ ಎಂದು ನೋಡಿಬಂದೆ.