ಟ್ಯಾಂಕಿನ ಎಡಬದಿಯ ಗೀರನ್ನು ಮರುಸ್ಥಾಪಿಸುವ ಕುರಿತು

ಇಂದ,
ತಮ್ಮ ಏಕೈಕ ಪುತ್ರ ಹಾಗೂ ಸದರಿ ಮೋಟಾರ್ ಸೈಕಲ್ಲಿನ ಹಾಲಿ ಸವಾರ,
ಮಹಡಿಯ ಕೋಣೆ.

ಗೆ,
ಮಾನ್ಯ ತಂದೆಯವರು, ನಿವೃತ್ತ ಹೆಡ್ ಗುಮಾಸ್ತರು,
ಕಿಟಕಿ ಪಕ್ಕದ ಬೆತ್ತದ ಕುರ್ಚಿ, ಅದೇ ಮನೆ.

ಮೂಲಕ: ಮಾನ್ಯ ತಾಯಿಯವರು, ಅಡುಗೆಮನೆ.

ವಿಷಯ: ಅಳಿಸಿಹೋದ ಮೂರು ಅಂಗುಲದ ಗೀರನ್ನು ಮತ್ತೆ ಎಳೆಸಲು ಅನುಮತಿ ಕೋರಿ.

ಉಲ್ಲೇಖ: 1. ಹೊಸ ಬಣ್ಣದ ಗಾಡಿಯನ್ನು ಒಂದು ಸುತ್ತು ನೋಡಿ ತಾವು ಹೊರಡಿಸಿದ "ಎಲ್ಲೋ ಅದು?" ಎಂಬ ಮೌಖಿಕ ಜ್ಞಾಪನ.
2. ಅಂದಿನಿಂದ ಇಂದಿನವರೆಗೆ, ಹದಿನಾರು ದಿನಗಳ ತಮ್ಮ ಮೌನ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಆಡಿದ್ದು ಗಾಳಿಗೆ, ಬರೆದದ್ದು ಕಡತಕ್ಕೆ ಎಂಬುದು ತಮ್ಮ ಮಾತು. ನಾನು ಶಾಲೆಯ ಪ್ರವಾಸಕ್ಕೂ ತಮಗೆ ಅರ್ಜಿ ಕೊಟ್ಟು ಹೋದವನು. ಮದುವೆಗೆ ಒಪ್ಪಿಗೆ ಕೇಳಿದಾಗಲೂ "ಎರಡು ಪ್ರತಿ ಕೊಡು" ಎಂದಿರಿ. ಈ ಪ್ರಕರಣದಲ್ಲಿ ಬಾಯಲ್ಲಿ ನಾಲ್ಕು ಸಲ ಕ್ಷಮೆ ಕೇಳಿದರೂ ತಾವು ಕಿಟಕಿಯಾಚೆ ನೋಡಿದ ಕಾರಣ, ಲಿಖಿತವಾಗಿ ನಿವೇದಿಸಿಕೊಳ್ಳುತ್ತಿದ್ದೇನೆ.

1. ಸದರಿ ಮೋಟಾರ್ ಸೈಕಲ್ಲನ್ನು ತಾವು ಮದುವೆಯಾದ ವರ್ಷ ಹೊಸದಾಗಿ ಕೊಂಡಿದ್ದು, ಅದರ ಬಣ್ಣ ಕಪ್ಪು. ಮೂವತ್ತೊಂದು ವರ್ಷಗಳ ನಂತರ ಕಪ್ಪು ಎಂಬುದು ದಾಖಲೆಯಲ್ಲಿ ಮಾತ್ರ ಉಳಿದಿತ್ತು. ಬಣ್ಣದಂಗಡಿಯವನು ಹೇಳಿದ ದರಕ್ಕೆ ಇನ್ನೊಂದು ಹಳೇ ಗಾಡಿಯೇ ಬರುತ್ತಿತ್ತು. ಆದ್ದರಿಂದ ತಾವು ಒಂದು ವಾರ ಸೋದರತ್ತೆಯ ಮನೆಗೆ ಹೋದ ಸಂದರ್ಭವನ್ನು ಬಳಸಿಕೊಂಡು, ತಮಗೆ ಅಚ್ಚರಿ ನೀಡುವ ಸದುದ್ದೇಶದಿಂದ, ನೀಲಿ ಬಣ್ಣದ ಸ್ಪ್ರೇ ಡಬ್ಬಿ ತಂದು ಮನೆಯಲ್ಲೇ ಕೆಲಸ ಆರಂಭಿಸಿದೆ. ಅಚ್ಚರಿಯಾಯಿತು ಎಂಬ ಬಗ್ಗೆ ಯಾರ ತಕರಾರೂ ಇಲ್ಲ.

2. ಒದ್ದೆ ಬಣ್ಣದ ಮೇಲೆ ಧೂಳು ಕೂರಬಾರದು ಎಂಬ ನಿಯಮವಿರುವುದರಿಂದ ಟ್ಯಾಂಕನ್ನು ಬಚ್ಚಲುಮನೆಯ ಟವೆಲು ಸರಳಿಗೆ ನೇತುಹಾಕಲಾಯಿತು. ಮನೆಮಂದಿ ಮೂರು ದಿನ ಸ್ನಾನ ಮಾಡಲಿಲ್ಲ. ನಾಲ್ಕನೇ ದಿನ ನಾನು ಮಾಡಿ ಹೊರಬಂದಾಗ ತಮ್ಮ ಸೊಸೆ, "ಸ್ನಾನ ಮಾಡ್ಕೊಂಡು ಬಂದ್ರೋ, ನಿಮಗೂ ಒಂದು ಕೋಟ್ ಹೊಡ್ಕೊಂಡು ಬಂದ್ರೋ?" ಎಂದು ವಿಚಾರಿಸಿದಳು. ಬಕೆಟ್ಟು, ಚೊಂಬು ಹಾಗೂ ನನ್ನ ಎಡಗಿವಿ ಇಂದಿಗೂ ನೀಲಿಯಾಗಿವೆ.

ಪಕ್ಕದ ಮುಚ್ಚಳಗಳಿಗೆ ತಾರಸಿಯ ಮೇಲೆ ಬಣ್ಣ ಹೊಡೆಯಲಾಯಿತು. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಸ್ಪ್ರೇ ಬಣ್ಣಕ್ಕೆ ಅನ್ವಯಿಸುವುದಿಲ್ಲವೆಂಬುದು ಆಗ ಮನದಟ್ಟಾಯಿತು. ತಮ್ಮ ಎರಡು ಬಿಳಿ ಪಂಚೆ ಮತ್ತು ಪಕ್ಕದ ಮನೆಯ ಬೆಕ್ಕಿನ ಬಾಲ ಇದಕ್ಕೆ ಸಿಕ್ಕಿ ನೀಲಿಯಾದವು. ಪಂಚೆಗಳನ್ನು ಬಚ್ಚಿಟ್ಟಿದ್ದೆ. ಬೆಕ್ಕನ್ನು ಬಚ್ಚಿಡಲಾಗಲಿಲ್ಲ.

3. ಡಬ್ಬಿ ನಡುವೆಯೇ ಖಾಲಿಯಾದ ಕಾರಣ ಎರಡನೆಯದನ್ನು ಬೇರೆ ಅಂಗಡಿಯಲ್ಲಿ ತರಬೇಕಾಯಿತು. ಮುಚ್ಚಳ ಅದೇ ನೀಲಿ, ಒಳಗಿನ ನೀಲಿ ಬೇರೆ. ಪರಿಣಾಮವಾಗಿ ಎಡಬದಿಗೆ ಒಂದು ನೀಲಿ, ಬಲಬದಿಗೆ ಇನ್ನೊಂದು; ಗಾಡಿ ಬರುವಾಗ ಒಂದು, ಹೋಗುವಾಗ ಇನ್ನೊಂದು. ನಮ್ಮ ಕಚೇರಿಯ ಕಾವಲುಗಾರ ಮೊದಲ ದಿನವೇ, "ಬೆಳಿಗ್ಗೆ ತಂದ ಗಾಡಿ ಎಲ್ಲಿ ಸಾರ್, ಇದು ಯಾರದು?" ಎಂದು ಗೇಟಿನಲ್ಲಿ ತಡೆದು ನಿಲ್ಲಿಸಿದ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನನ್ನ ಕೈ ನೀಲಿಯಾಯಿತು, ಮೊಸರಿನ ಸುಳಿವಿಲ್ಲ.

4. ಇನ್ನು ಮುಖ್ಯ ಅಪರಾಧಕ್ಕೆ ಬರುತ್ತೇನೆ. ಟ್ಯಾಂಕಿನ ಎಡಬದಿಯಲ್ಲಿ ಮೂರು ಅಂಗುಲ ಉದ್ದದ, ಬಾಲ ಕೊಂಚ ಮೇಲಕ್ಕೆ ತಿರುಗಿದ ಒಂದು ಗೀರು ಇತ್ತು. ನನಗೆ ಬುದ್ಧಿ ಬಂದಾಗಿನಿಂದ ತಾವು ಅದರ ಬಗ್ಗೆ ದೂರುತ್ತಲೇ ಇದ್ದೀರಿ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ತಾವು, ಇಲ್ಲ ಎಂದು ಅಮ್ಮ. ಬಾಗಿಲು ಹಾಕಿರಲಿಲ್ಲ ಎಂದು ತಾವು, ಹಾಕಿದ್ದೆ ಎಂದು ಅಮ್ಮ. ಮಾತು ಎಲ್ಲಿಂದ ಹೊರಟರೂ ತಾವು ಕೊನೆಗೆ ಬೆರಳನ್ನು ಗಾಡಿಯತ್ತ ಚಾಚಿ, "ನೀನು ಎಷ್ಟು ನೋಡ್ಕೊಂಡು ಕೆಲಸ ಮಾಡ್ತೀಯ ಅನ್ನೋದಕ್ಕೆ ಅಲ್ಲಿದೆ ನೋಡು ಸಾಕ್ಷಿ" ಎನ್ನುತ್ತಿದ್ದಿರಿ. ಅಲ್ಲಿಗೆ ಅಮ್ಮ ನಗುತ್ತ ಒಳಗೆ ಹೋಗುತ್ತಿದ್ದರು, ಪ್ರಕರಣ ಮುಕ್ತಾಯವಾಗುತ್ತಿತ್ತು.

ಮೂವತ್ತೊಂದು ವರ್ಷ ದೂರಿದ ದೋಷವನ್ನು ಸರಿಪಡಿಸಿದರೆ ತಾವು ಸಂತೋಷಪಡುತ್ತೀರೆಂದು ನಾನು ಪ್ರಾಮಾಣಿಕವಾಗಿ ನಂಬಿದೆ. ಆದ್ದರಿಂದ ಪುಟ್ಟಿ ಮೆತ್ತಿ, ಒಣಗಿಸಿ, ಉಪ್ಪುಕಾಗದ ನೀರಿನಲ್ಲಿ ಅದ್ದಿ ಎರಡು ತಾಸು ಉಜ್ಜಿದೆ. ಇಡೀ ಗಾಡಿಯಲ್ಲಿ ನಾನು ಚೆನ್ನಾಗಿ ಮಾಡಿದ ಕೆಲಸ ಅದೊಂದೇ. ಉಳಿದ ಕಡೆಯೆಲ್ಲ ಬಣ್ಣ ಇಳಿದಿದೆ, ಗುಳ್ಳೆ ಎದ್ದಿದೆ, ಒಂದು ಕಡೆ ಸೊಳ್ಳೆಯೂ ಇದೆ. ಗೀರು ಇದ್ದ ಜಾಗ ಮಾತ್ರ ಕನ್ನಡಿಯ ಹಾಗಿದೆ.

5. ತಾವು ಊರಿನಿಂದ ಬಂದಿರಿ. ಎರಡು ನೀಲಿಗಳ ಬಗ್ಗೆ ಏನೂ ಹೇಳಲಿಲ್ಲ, ಸೊಳ್ಳೆಯನ್ನೂ ಕ್ಷಮಿಸಿದಿರಿ. ಎಡಬದಿಯ ಮೇಲೆ ಕೈಯಾಡಿಸಿ ಉಲ್ಲೇಖ (1)ರ ಪ್ರಶ್ನೆ ಕೇಳಿ ಕುರ್ಚಿಗೆ ಹೋದಿರಿ. ಅಂದಿನಿಂದ ಸಾರಿನ ಉಪ್ಪಿನ ಬಗ್ಗೆ ಒಂದು ಮಾತಿಲ್ಲ. ಮೊನ್ನೆ ಅಮ್ಮ ಬೇಕೆಂದೇ ಉಪ್ಪು ಎರಡರಷ್ಟು ಹಾಕಿದರು. ತಾವು ಉಂಡು ಎದ್ದಿರಿ. ನಾನೂ ತಮ್ಮ ಸೊಸೆಯೂ ಮಧ್ಯಾಹ್ನವಿಡೀ ನೀರು ಕುಡಿದೆವು.

ಮೂಲ ದಾಖಲೆಯನ್ನು ಕಳೆದವನು ಗುಮಾಸ್ತನಲ್ಲ, ಗೆದ್ದಲು ಎಂದು ತಾವು ಕಚೇರಿಯಲ್ಲಿ ಹೇಳುತ್ತಿದ್ದಿರಂತೆ. ಆ ಮಾತು ನನಗೇ ಅನ್ವಯಿಸುವುದರಿಂದ ಆಕ್ಷೇಪಣೆ ಇಲ್ಲ. ಆದರೆ ಅಪ್ಪಾ, ಮನೆ ಬಿಕೋ ಎನ್ನುತ್ತಿದೆ. ಬೈಸಿಕೊಂಡಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

6. ಕಾರಣ, ನಿನ್ನೆ ಅಡುಗೆಮನೆಯಲ್ಲಿ ತಾಯಿಯವರ ಹೇಳಿಕೆ ಪಡೆಯಲಾಯಿತು. ಅದರ ನಕಲು:

"ಮದುವೆಯಾಗಿ ಹನ್ನೊಂದನೇ ದಿನ ಕಣೋ. ಗಾಡಿ ಬಂದು ಎರಡು ದಿನ. ಕೈಚೀಲ ಇರ್ಲಿಲ್ಲ, ಬಾಗಿಲಿಗೆ ಬೀಗ ಹಾಕಿ ಬೀಗದ ಕೈ ಮುಷ್ಟೀಲೇ ಇಟ್ಕೊಂಡಿದ್ದೆ. ಜನ ನೋಡ್ತಾರೆ ಅಂತ ನಾನು ಅವರಿಂದ ಒಂದು ಗೇಣು ದೂರ ಕೂತಿದ್ದೆ. ಬ್ಯಾಂಕಿನ ಮುಂದೆ ಹಂಪ್ ಇದೆಯಲ್ಲ, ಅಲ್ಲಿ ಗಾಡಿ ಹಾರ್ತು. ಬೀಳ್ತೀನಿ ಅಂತ ಸೊಂಟ ತಬ್ಬಿ ಹಿಡ್ಕೊಂಡೆ. ಬೀಗದ ಕೈ ಟ್ಯಾಂಕ್ ಮೇಲೆ ಗೀರಿ ಹೋಯ್ತು. 'ಸರಿಯಾಗಿ ಕೂತ್ಕೊಳೇ' ಅಂತ ಬೈದ್ರು. ಕೈ ತೆಗಿ ಅಂತ ಮಾತ್ರ ಹೇಳ್ಲಿಲ್ಲ. ಮನೆ ಬರೋವರೆಗೂ ಹೇಳ್ಲಿಲ್ಲ."

ಈ ಹೇಳಿಕೆಯನ್ನು ಪಡೆದ ಮೇಲೆ, ನಾನು ಅಳಿಸಿದ್ದು ಏನೆಂಬುದು ನನಗೆ ತಿಳಿಯಿತು. ಉಜ್ಜುವ ಮೊದಲು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ.

7. ಬ್ಯಾಂಕಿನ ಮುಂದೆ ಸ್ಥಳ ತನಿಖೆ ಮಾಡಲಾಗಿದ್ದು, ಸದರಿ ಹಂಪು ಸ್ವಸ್ಥಾನದಲ್ಲೇ ಇದೆ; ಮೂರು ಸಲ ಡಾಂಬರು ಬಿದ್ದು ಮೊದಲಿಗಿಂತ ಎತ್ತರವಾಗಿದೆ. ಬೀಗ ಹಾಳಾಗಿ ಇಪ್ಪತ್ತು ವರ್ಷವಾದರೂ ಬೀಗದ ಕೈ ತಾಯಿಯವರ ಸಾಸಿವೆ ಡಬ್ಬಿಯಲ್ಲಿ ಸುರಕ್ಷಿತವಾಗಿದೆ.

ಆದ್ದರಿಂದ ಮಾನ್ಯರು ದಯವಿಟ್ಟು ಬರುವ ಭಾನುವಾರ ಬೆಳಿಗ್ಗೆ ಎಂಟಕ್ಕೆ ತಾಯಿಯವರನ್ನು ಹಿಂದೆ ಕೂರಿಸಿಕೊಂಡು ಮೇಲ್ಕಂಡ ಹಂಪಿನ ಮೇಲೆ ಹಾದುಹೋಗಬೇಕೆಂದೂ, ಗೀರು ಬಿದ್ದ ಕೂಡಲೇ ಹಿಂದಿನ ನಡಾವಳಿಯಂತೆ ಬೈಯಬೇಕೆಂದೂ, ಮಧ್ಯಾಹ್ನದ ಸಾರಿನಿಂದಲೇ ಜಗಳವನ್ನು ಯಥಾಸ್ಥಿತಿಗೆ ತರಬೇಕೆಂದೂ ವಿನಂತಿಸುತ್ತೇನೆ. ಮುಂದೆ ಈ ಗಾಡಿಯ ಯಾವ ದೋಷವನ್ನೂ ಸರಿಪಡಿಸುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡಲು ಸಿದ್ಧನಿದ್ದೇನೆ.

ತಮ್ಮ ವಿಶ್ವಾಸಿ, ಸದ್ಯ ವಿಶ್ವಾಸ ಕಳೆದುಕೊಂಡಿರುವ,
ಮಗ

ಲಗತ್ತುಗಳು:
1. ಗೀರಿನ ಅವಶೇಷ ಅಂಟಿರುವ ಉಪ್ಪುಕಾಗದದ ಚೂರು.
2. ಎರಡು ಡಬ್ಬಿಗಳ ಮುಚ್ಚಳ (ನೋಡಲು ಒಂದೇ ನೀಲಿ).
3. ಬೆಕ್ಕಿನ ಯಜಮಾನಿಯ ದೂರು, ಕೂದಲ ಮಾದರಿ ಸಹಿತ.
4. ಪಂಚೆ, ಎರಡು.
5. ಈ ಅರ್ಜಿಯ ಇನ್ನೊಂದು ಪ್ರತಿ.

ಮೂಲಕ ರವಾನಿಸಿದವರ ಷರಾ:
ಓದಿದೆ. ಎಂಟಕ್ಕೆ ರೆಡಿ ಇರ್ತೀನಿ. ಹಂಪ್ ಹತ್ರ ನಿಧಾನ ಮಾಡ್ಬೇಡಿ.