ಮಹಾರಾಜರ ನಾಲಿಗೆ ಮತ್ತು ದ್ಯಾವಕ್ಕನ ಒಲೆ

ಬಹಳ ಹಿಂದೆ, ಅಂದರೆ ಪತ್ರಿಕೆಯನ್ನು ಓದಿ ಮುಗಿಸಿದ ಮೇಲಷ್ಟೇ ಬೋಂಡ ಕಟ್ಟಲು ಕೊಡುತ್ತಿದ್ದ ಸತ್ಯಕಾಲದಲ್ಲಿ, ಕೆಂಡಾವತಿಯೆಂಬ ರಾಜ್ಯವಿತ್ತು. ಅಲ್ಲಿನ ಪ್ರಜೆಗಳಿಗೆ ಕೆಂಡದ ಮೇಲೆ ಸುಟ್ಟ ಕೋಳಿಯೆಂದರೆ ಪ್ರಾಣ. ಕೋಳಿಯ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಜಗಳವೆಲ್ಲ ಅದಕ್ಕೆ ಹಚ್ಚುವ ಗೊಜ್ಜಿನದು. ಈಗಿನವರು ಬಾರ್ಬೆಕ್ಯೂ ಸಾಸ್ ಎಂದು ಶೀಶೆಯಲ್ಲಿ ಕೊಳ್ಳುತ್ತಾರಲ್ಲ, ಅಂಥದ್ದು. ಬೆಲ್ಲದ ಗೊಜ್ಜಿನವರು ಹುಳಿಯವರ ಮನೆಗೆ ಹೆಣ್ಣು ಕೊಡುವ ಮುನ್ನ ಎರಡು ಸಲ ಯೋಚಿಸುತ್ತಿದ್ದರು. ಖಾರದವರು ಇಬ್ಬರನ್ನೂ ಹೇಡಿಗಳೆನ್ನುತ್ತಿದ್ದರು. ಆದರೂ ಎಲ್ಲರೂ ಒಂದೇ ಒಲೆಯ ಸುತ್ತ ಕೂತು ತಿನ್ನುತ್ತಿದ್ದರು. ಏಕೆಂದರೆ ಆ ನಾಡಿನಲ್ಲೊಂದು ಪದ್ಧತಿಯಿತ್ತು: ಕೇಳದೆ ಗೊಜ್ಜು ಹಚ್ಚಬಾರದು.

ಕೋಟೆ ಬಾಗಿಲಲ್ಲಿ ಕೋಳಿ ಸುಡುತ್ತಿದ್ದ ದ್ಯಾವಕ್ಕ ಈ ಪದ್ಧತಿಯನ್ನು ಅತ್ತೆಯಿಂದ ಕಲಿತವಳು. ಗಂಡ ಸತ್ತ ಮೇಲೆ ಆ ಒಲೆಯೊಂದೇ ಆಕೆಯ ಆಸ್ತಿ; ಅದು ಉರಿದ ದಿನ ಮಕ್ಕಳಿಗೆ ಊಟ. ಒಂದು ಸಂಜೆ ವಿಹಾರಕ್ಕೆ ಹೊರಟ ಮಹಾರಾಜ ಸಂತೃಪ್ತಸೇನರು ಘಮಲಿಗೆ ಮನಸೋತು ಆನೆಯಿಂದ ಇಳಿದೇಬಿಟ್ಟರು. ದ್ಯಾವಕ್ಕ ಕುಂಚ ಎತ್ತಿಕೊಂಡು ಎಲ್ಲರನ್ನೂ ಕೇಳುವಂತೆಯೇ ಕೇಳಿದಳು.

"ಯಾವ್ದು ಹಚ್ಲಿ ಬುದ್ಧಿ? ಸೀನಾ, ಹುಳೀನಾ, ಖಾರಾನಾ?"

ಮಹಾರಾಜರು ತಬ್ಬಿಬ್ಬಾದರು. ಹುಟ್ಟಿದಾರಭ್ಯ ಅವರನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಅವರು ಊಟಕ್ಕೆ ಕೂರುವ ಮೊದಲೇ 'ಪ್ರಭುಗಳಿಗೆ ಬಹಳ ಹಿಡಿಸಿತು' ಎಂದು ಮಹಾಮಂತ್ರಿ ಅನುಮೋದರಾಯರು ಪತ್ರಿಕಾ ಪ್ರಕಟಣೆ ಹೊರಡಿಸಿಬಿಡುತ್ತಿದ್ದರು.

"ಅಯ್ಯೋ, ಗೊತ್ತಿಲ್ವಾ? ನಿಮ್ಮ ನಾಲ್ಗೆ ತಾನೆ?" ಎಂದಳು ದ್ಯಾವಕ್ಕ.

"ಎಲೆ ಹೆಂಗಸೇ!" ಅನುಮೋದರಾಯರು ಗುಡುಗಿದರು. "ಪ್ರಭುಗಳ ನಾಲಿಗೆ ರಾಷ್ಟ್ರೀಯ ಸ್ವತ್ತು. ಅದು ಬೀದಿಯಲ್ಲಿ ನಿಂತು ಅಭಿಪ್ರಾಯ ಕೊಡುವುದಿಲ್ಲ."

ಮಹಾರಾಜರು ಹಸಿದೇ ಅರಮನೆಗೆ ಮರಳಿದರು. ಮರುದಿನವೇ ಅವರ ರುಚಿಯನ್ನು ಪತ್ತೆಹಚ್ಚಲು ಉನ್ನತಾಧಿಕಾರ ಸಮಿತಿ ರಚನೆಯಾಯಿತು. ಸದಸ್ಯರೊಬ್ಬರು ಮೆಲ್ಲಗೆ, "ಪ್ರಭುಗಳನ್ನೇ ಒಂದು ಮಾತು ಕೇಳಿದರಾಗದೇ?" ಎಂದರು. ಮಹಾರಾಜರು ಈ ಪ್ರಕರಣದಲ್ಲಿ ಹಿತಾಸಕ್ತಿ ಉಳ್ಳವರಾದ್ದರಿಂದ ಅವರನ್ನು ಕೇಳುವುದು ನ್ಯಾಯಸಮ್ಮತವಲ್ಲವೆಂದು ಆ ಸದಸ್ಯರನ್ನು ದೀರ್ಘ ರಜೆಯ ಮೇಲೆ ಕಳಿಸಲಾಯಿತು. ಉಳಿದವರು ಅಧ್ಯಯನ ಪ್ರವಾಸಕ್ಕೆಂದು ಸಮುದ್ರ ದಾಟಿ, ತಿಂದು, ದಪ್ಪಗಾಗಿ ಬಂದು ವರದಿ ಮಂಡಿಸಿದರು. ಬೆಲ್ಲವೆಂದರೆ ಹುಳಿಯವರು ಮುನಿಯುತ್ತಾರೆ, ಹುಳಿಯೆಂದರೆ ಖಾರದವರು. ಆದ್ದರಿಂದ ಯಾರಿಗೂ ನೋವಾಗದಂತೆ ಬೂದುಗುಂಬಳದ ತಿರುಳನ್ನು ಉಪ್ಪಿಲ್ಲದ ಗಂಜಿಯಲ್ಲಿ ಕಲಸಿ 'ರಾಜರುಚಿ' ಎಂಬ ಗೊಜ್ಜನ್ನು ಸಿದ್ಧಪಡಿಸಲಾಯಿತು.

ಡಂಗುರ ಹೊರಟಿತು: "ಇನ್ನು ಮುಂದೆ ಎಲ್ಲ ಕೋಳಿಗೂ ರಾಜರುಚಿಯೇ. 'ಯಾವುದು ಹಚ್ಚಲಿ' ಎಂದು ಕೇಳುವುದು ರಾಜ್ಯದ ಏಕತೆಗೆ ಧಕ್ಕೆ. ರುಚಿಸದವರು ತಂತಮ್ಮ ನಾಲಿಗೆಯನ್ನು ಅಪ್‌ಡೇಟ್ ಮಾಡಿಸಿಕೊಳ್ಳತಕ್ಕದ್ದು!"

ಭಟರು ಬಂದು ದ್ಯಾವಕ್ಕನ ಮೂರೂ ಗೊಜ್ಜಿನ ಮಡಕೆಗಳನ್ನು ಒಡೆದರು. ನನಗೆ ಇಂದಿಗೂ ಹೊಟ್ಟೆ ಉರಿಯುವುದು ಭಟರ ಮೇಲಲ್ಲ, ಜನರ ಮೇಲೆ. ಹುಳಿಯವರಿಗೆ ತಮ್ಮ ಹುಳಿ ಹೋದ ದುಃಖಕ್ಕಿಂತ ಬೆಲ್ಲದವರಿಗೆ ಬೆಲ್ಲವೂ ಹೋಯಿತೆಂಬ ಸಂತೋಷ ದೊಡ್ಡದಾಗಿತ್ತು. ಚಪ್ಪಾಳೆ ತಟ್ಟಿದರು.

ರಾಜರುಚಿಯ ಲೋಕಾರ್ಪಣೆ ದ್ಯಾವಕ್ಕನ ಒಲೆಯ ಮುಂದೆಯೇ ನಡೆಯಿತು. ಊರಿಗೆ ಊರೇ ಸೇರಿತ್ತು. ಮಹಾರಾಜರು ಕೋಳಿಯ ತೊಡೆಯನ್ನು ಎತ್ತಿ ಕಚ್ಚಿದರು. ಮುಖ ಸಿಂಡರಿಸಿಹೋಯಿತು. ಜೀವಮಾನದಲ್ಲೇ ಮೊದಲ ಬಾರಿಗೆ ಅವರಿಗೊಂದು ಸ್ವಂತ ಅಭಿಪ್ರಾಯ ಹುಟ್ಟಿತ್ತು.

ಅವರು ದ್ಯಾವಕ್ಕನತ್ತ ಬಾಗಿ ಪಿಸುಗುಟ್ಟಿದರು. "ಅಂದು ಕೇಳಿದೆಯಲ್ಲಾ... ಆ ಹುಳಿ ಇದೆಯೇ?"

"ಮಡ್ಕೆ ನಿಮ್ಮೋರೇ ಒಡೆದಾಕುದ್ರಲ್ಲಾ ಬುದ್ಧಿ. ಈ ರಾಜರುಚಿ ಬ್ಯಾಡ ಅಂತ ಒಂದ್ ಮಾತು ಹೇಳ್ಬುಡಿ. ಈಗ್ಲೇ ಹುಣ್ಸೆಹಣ್ಣು ನೆನೆ ಹಾಕ್ತೀನಿ."

ದೊರೆಯ ಮುಖ ಸಿಂಡರಿಸಿದ್ದನ್ನು ಜನ ಕಂಡಿದ್ದರು. ಅನುಮೋದರಾಯರು ಮುಂದೆ ನುಗ್ಗಿದರು.

"ಪ್ರಭುಗಳ ಮುಖ ಬಾಡಿದ್ದು ರುಚಿಯಿಂದಲ್ಲ, ಈ ದರಿದ್ರ ಒಲೆಯ ಹೊಗೆಯಿಂದ! ಪ್ರಭುಗಳ ರುಚಿ ಪ್ರಭುಗಳಿಗೇ ಹಿಡಿಸದೆ ಇರುವುದುಂಟೇ? ಅಪ್ಪಣೆಯಾಗಲಿ ಪ್ರಭು, ಹೊಗೆಯೇ ತಾನೆ?"

"ಒಲೆ ಮುಟ್ಬ್ಯಾಡಿ ಬುದ್ಧಿ," ದ್ಯಾವಕ್ಕ ಕೈಮುಗಿದಳು. "ನನ್ ಮಕ್ಳ ಅನ್ನ ಅದು. ನಿಜ ಹೇಳ್ಬುಡಿ."

ಮಹಾರಾಜರು ದ್ಯಾವಕ್ಕನನ್ನು ನೋಡಿದರು. ಮಂತ್ರಿಯನ್ನು ನೋಡಿದರು. ಬಾಯಲ್ಲಿದ್ದುದನ್ನು ಕಷ್ಟಪಟ್ಟು ನುಂಗಿದರು.

"ಹೊಗೆ," ಎಂದರು.

ಕೊಡಗಟ್ಟಲೆ ನೀರು ಸುರಿದು ಒಲೆಯನ್ನು ಆರಿಸಲಾಯಿತು. ಅನುಮೋದರಾಯರಿಗೆ 'ರಸನಾಭೂಷಣ' ಬಿರುದು ಕೊಟ್ಟು ಶಾಲು ಹೊದಿಸಿದರು. ದೊರೆಗಾದ ತೊಂದರೆಯ ಬಾಬ್ತು ನಾಡಿನ ಪ್ರತಿ ಒಲೆಯ ಮೇಲೂ ಹೊಗೆ ಸೆಸ್ ಬಿತ್ತು. ಅದನ್ನು ಕಟ್ಟಲಾಗದೆ ಒಂದೊಂದೇ ಮನೆಯ ಒಲೆ ಆರಿತು.

ರಾಜರುಚಿ ಮಾತ್ರ ಕೆಂಡಾವತಿಯಲ್ಲಿ ಇಂದಿಗೂ ಕಡ್ಡಾಯ. ಹಚ್ಚಲು ಸುಟ್ಟ ಕೋಳಿಯೇ ಇಲ್ಲದ ಕಾರಣ ಜನ ಅದನ್ನು ಬರೀ ತಟ್ಟೆಗೆ ಹಾಕಿಸಿಕೊಂಡು 'ಭೇಷ್' ಎನ್ನುತ್ತಾರೆ. ಹುಳಿಯವರು, ಬೆಲ್ಲದವರು, ಖಾರದವರು ಎಲ್ಲ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ದ್ಯಾವಕ್ಕನೂ ತಟ್ಟೆ ಹಿಡಿದು ನಿಲ್ಲುತ್ತಾಳೆ. ಬಡಿಸುವವನು ಅವಳನ್ನು ಏನೂ ಕೇಳುವುದಿಲ್ಲ, ಸುರಿಯುತ್ತಾನೆ.