ಓದುಗರ ಅನಧಿಕೃತ ನಗು, ಅಳು ಮತ್ತು ಆಕಳಿಕೆಗಳ ನಿಯಂತ್ರಣ ಕುರಿತು

ವಾಚನಾಲಯಗಳ ಮುಖ್ಯ ಕಚೇರಿ
ಸಂಖ್ಯೆ: ವಾ.ಮು.ಕ/ಭಾವನೆ/ಶಿಸ್ತು/17
ದಿನಾಂಕ: ಮೊಹರಿನಲ್ಲಿ ಓದಲು ಸಾಧ್ಯವಾದಷ್ಟು

ವಿಷಯ: ವಿವಿಧ ಪ್ರಕಾರದ ಪುಸ್ತಕಗಳಿಗೆ ಓದುಗರು ತಮಗೆ ತೋಚಿದಂತೆ ಪ್ರತಿಕ್ರಿಯಿಸುತ್ತಿರುವ ಬಗ್ಗೆ.

ಉಲ್ಲೇಖ: (1) ಮುಖ್ಯಾಧಿಕಾರಿಗಳು ರಚಿಸಿರುವ ದುಃಖಾಂತ ಕಾದಂಬರಿ.
(2) ಸದರಿ ಕಾದಂಬರಿಯನ್ನು ಓದಿ ಒಬ್ಬರು ನಕ್ಕ ಬಗ್ಗೆ ಕಾವಲುಗಾರರ ವರದಿ.

ಪ್ರಸ್ತಾವನೆ:

ಹಲ್ಲಿನ ಡಾಕ್ಟರ ಬಳಿ ರೋಗಿಗಳಿಗೆ ಚೀಟಿ ಕೊಡುವ ಕೆಲಸದಲ್ಲಿರುವ, ವಾಚನಾಲಯದಲ್ಲಿ ಸದಾ ಕಿಟಕಿ ಪಕ್ಕ ಕೂರುವುದರಿಂದ ‘ಕಿಟಕಿ ಅಕ್ಕ’ ಎಂದೇ ಕರೆಯಲ್ಪಡುವ ಸದಸ್ಯೆಯು, ಕಳೆದ ವಾರ ಉಲ್ಲೇಖ (1)ರ ಕಾದಂಬರಿಯಲ್ಲಿ ನಾಯಕಿ ಪ್ರಾಣ ಬಿಡುವ ಪುಟಕ್ಕೆ ಬಂದು, ಪಕ್ಕದವರ ಕನ್ನಡಕ ಜಾರುವಷ್ಟು ಜೋರಾಗಿ ನಕ್ಕಿರುವುದು ಕಂಡುಬಂದಿದೆ. ಆ ಸಮಯದಲ್ಲಿ ಮುಖ್ಯಾಧಿಕಾರಿಗಳು ಹಿಂದಿನ ಕಪಾಟಿನ ಮರೆಯಲ್ಲಿ ಆಕಸ್ಮಿಕವಾಗಿ, ಬೆಳಗಿನಿಂದಲೂ, ನಿಂತಿದ್ದರು. ಅಂದು ಅವರಿಗೆ ಊಟ ಸೇರಲಿಲ್ಲ. ಈ ಅಂಶವನ್ನು ಕಡತಕ್ಕೆ ಸೇರಿಸಲಾಗಿದೆ.

ಕಾರಣ ಕೇಳಲಾಗಿ ಸದಸ್ಯೆಯು ನೀಡಿದ ಹೇಳಿಕೆ: “ಅಲ್ಲ ಸಾರ್, ಉಸಿರು ನಿಲ್ತಾ ಇದೆ ಅಂತ ಬರೆದಿದಾರೆ, ಆಮೇಲೆ ಆಯಮ್ಮ ಮೂರು ಪುಟ ಭಾಷಣ ಮಾಡ್ತಾಳೆ! ಗಂಡ ನೀರು ಕೊಡೋಕೆ ಬಂದ್ರೆ ಅವನಿಗೂ ಬುದ್ಧಿವಾದ. ನಗದೆ ಇನ್ನೇನ್ ಮಾಡ್ಲಿ? ಅದೂ ಅಲ್ದೆ, ಈ ಪುಸ್ತಕ ಇದ್ದಿದ್ದೇ ಹಾಸ್ಯದ ಕಪಾಟಲ್ಲಿ.”

ಇದು ನಿಜವೆಂದು ತನಿಖೆಯಿಂದ ದೃಢಪಟ್ಟಿದೆ. ಮುಖ್ಯಾಧಿಕಾರಿಗಳನ್ನು ಸಂತೋಷಪಡಿಸುವ ಸದುದ್ದೇಶದಿಂದ ಸಿಬ್ಬಂದಿಯು ಕಾದಂಬರಿಯ ಒಂದೊಂದು ಪ್ರತಿಯನ್ನು ಪ್ರತಿಯೊಂದು ಕಪಾಟಿನಲ್ಲೂ ಇರಿಸಿದ್ದು, ಅಡುಗೆ ವಿಭಾಗದಿಂದ ಅದನ್ನು ಒಯ್ದ ಗೃಹಸ್ಥರೊಬ್ಬರು ಉಪ್ಪಿನ ಅಳತೆ ಎಲ್ಲೂ ಇಲ್ಲವೆಂದು ದೂರಿರುತ್ತಾರೆ. ಪತ್ತೇದಾರಿ ವಿಭಾಗದಿಂದ ಒಯ್ದ ನಿವೃತ್ತ ಪೊಲೀಸರೊಬ್ಬರು ಎರಡನೇ ಅಧ್ಯಾಯದಲ್ಲೇ ಲೇಖಕರನ್ನು ಆರೋಪಿಯೆಂದು ಗುರುತಿಸಿ ಪುಸ್ತಕ ಹಿಂತಿರುಗಿಸಿರುತ್ತಾರೆ.

ಆದರೂ ಸದಸ್ಯೆಯ ತಪ್ಪು ತಪ್ಪೇ ಆಗಿರುವುದರಿಂದ ಅವರ ಸದಸ್ಯತ್ವವನ್ನು ರದ್ದುಪಡಿಸಲು ಉದ್ದೇಶಿಸಿ, ಇತರ ಓದುಗರ ತಿಳಿವಳಿಕೆಗಾಗಿ ಕೆಳಕಂಡಂತೆ ಸೂಚಿಸಲಾಗಿದೆ:

1. ಪುಸ್ತಕವು ಯಾವ ಕಪಾಟಿನಲ್ಲಿದ್ದರೂ ದುಃಖವು ದುಃಖವೇ ಆಗಿರತಕ್ಕದ್ದು.

2. ಹಾಸ್ಯ: ನಗುವ ಮುನ್ನ ಮೇಲ್ವಿಚಾರಕರ ಅನುಮತಿ ಪಡೆಯತಕ್ಕದ್ದು. ಅನುಮತಿ ಬರುವಷ್ಟರಲ್ಲಿ ನಗು ಮುಗಿದಿದ್ದಲ್ಲಿ, ಅದೇ ಪುಟವನ್ನು ಮತ್ತೆ ಓದಿ ಮೊದಲಿನಷ್ಟೇ ನಗತಕ್ಕದ್ದು.

3. ಪತ್ತೇದಾರಿ: ಕೊಲೆಗಾರ ಯಾರೆಂದು ಮೊದಲೇ ಊಹಿಸಿದವರೂ ಕೊನೆಯಲ್ಲಿ ಕಡ್ಡಾಯವಾಗಿ ಬೆಚ್ಚಿಬೀಳತಕ್ಕದ್ದು. “ಇವನೇ ಕಣ್ರೀ, ಮುಖ ನೋಡಿದ್ರೇ ಗೊತ್ತಾಗುತ್ತೆ” ಎಂದು ಪಕ್ಕದವರಿಗೆ ಹೇಳುವ ಕಿಟಕಿ ಅಕ್ಕನ ಅಭ್ಯಾಸವನ್ನು ಕಟುವಾಗಿ ಖಂಡಿಸಲಾಗಿದೆ. ಪುಸ್ತಕದಲ್ಲಿ ಮುಖಗಳೇ ಇಲ್ಲ.

4. ಕವನ: ಪುಟಕ್ಕೊಂದು ನಿಟ್ಟುಸಿರು. ಅರ್ಥವಾಗದಿದ್ದಲ್ಲಿ ಎರಡು. ಅರ್ಥವಾಗಿಬಿಟ್ಟಲ್ಲಿ ಆ ವಿಷಯವನ್ನು ಕವಿಗಳ ಕಿವಿಗೆ ಬೀಳದಂತೆ ನೋಡಿಕೊಳ್ಳತಕ್ಕದ್ದು.

5. ಅಡುಗೆ: ಇದೇ ಸದಸ್ಯೆಯು ಕಳೆದ ತಿಂಗಳು ಅಡುಗೆ ಪುಸ್ತಕವೊಂದನ್ನು ಓದುತ್ತಾ, “ನಮ್ಮಮ್ಮನೂ ಹೀಗೇ ಕಣ್ಣಳತೇಲಿ ಹಾಕ್ತಿದ್ಲು” ಎಂದು ಕಣ್ಣೊರೆಸಿಕೊಂಡ ಬಗ್ಗೆ ಸಾಕ್ಷ್ಯವಿದೆ. ಬೇಯಿಸುವ ವಿಧಾನಕ್ಕೆ ಅತ್ತು, ನಾಯಕಿಯ ಸಾವಿಗೆ ನಗುವುದು ಬೇಕೆಂದೇ ಮಾಡಿದ ಅವಮಾನವೆಂದು ಪರಿಗಣಿಸಲಾಗಿದೆ. ಇನ್ನು ಮುಂದೆ ಈರುಳ್ಳಿ ಹೆಚ್ಚುವ ಪುಟಗಳಲ್ಲಿ ಮಾತ್ರ ಅಳಲು ಅವಕಾಶವಿರುತ್ತದೆ.

6. ವ್ಯಕ್ತಿತ್ವ ವಿಕಸನ: ಓದಿದವರು ಸಂಜೆಯೊಳಗೆ ವಿಕಸನಗೊಂಡು ಪುಸ್ತಕ ಹಿಂತಿರುಗಿಸತಕ್ಕದ್ದು. ಬೇಗ ಏಳುವುದು ಹೇಗೆಂಬ ಅಧ್ಯಾಯದ ಮೇಲೆ ತಲೆಯಿಟ್ಟು ಮಲಗಿದವರನ್ನು ಎಬ್ಬಿಸುವ ಹೊಣೆ ಕಾವಲುಗಾರರದು.

7. ಉಲ್ಲೇಖ (1)ರ ಕಾದಂಬರಿ: ಅಳು ಕಡ್ಡಾಯ. ಎಷ್ಟು ಅಳಬೇಕೆಂಬ ಪ್ರಮಾಣವನ್ನು ನಿಗದಿಪಡಿಸುವ ಸಲುವಾಗಿ, ಈಗಾಗಲೇ ‘ಓದಿ ಕಣ್ಣೀರಾದೆ’ ಎಂದು ಮುಖ್ಯಾಧಿಕಾರಿಗಳಿಗೆ ತಿಳಿಸಿದ್ದ ಎಲ್ಲರನ್ನೂ, ನಾಯಕಿಯ ಸಾವಿಗೆ ಕಣ್ಣೀರು ಬಂದಿದ್ದು ಯಾವ ಪುಟದಲ್ಲಿ ಎಂದು ವಿಚಾರಿಸಲಾಯಿತು. ನಗದು ಗುಮಾಸ್ತರು: “ಸತ್ತೋದ್ಲಾ? ಯಾವಾಗ ಸಾರ್?” ಕಪಾಟು ಸಹಾಯಕರು: “ಚೆನ್ನಾಗೇ ಇದ್ಲಲ್ಲ ಸಾರ್, ಮದುವೆ ಮಾತುಕತೆ ನಡೀತಿತ್ತು.” ಮುನ್ನುಡಿ ಬರೆದ ವಿದ್ವಾಂಸರು ಫೋನ್ ಎತ್ತಿರುವುದಿಲ್ಲ. ಕಾದಂಬರಿಯು ಯಾರಿಗೆ ಅರ್ಪಣೆಯಾಗಿದೆಯೋ ಆ ಮುಖ್ಯಾಧಿಕಾರಿಗಳ ಧರ್ಮಪತ್ನಿಯವರು: “ಅರ್ಪಣೆ ಪುಟ ಓದಿದೀನಲ್ರೀ, ಅಷ್ಟು ಸಾಲ್ದಾ?”

8. ಮೇಲ್ಕಂಡ ಹೇಳಿಕೆಗಳನ್ನು ಮುಖ್ಯಾಧಿಕಾರಿಗಳು ಬಾಗಿಲು ಹಾಕಿಕೊಂಡು ಕೂಲಂಕಷವಾಗಿ ಪರಿಶೀಲಿಸಿರುತ್ತಾರೆ. ಅವರಿಗೆ ತುಂಬಾ ಬೇಸರವಾಗಿದೆ. ನಾಯಕಿ ಸಾಯುವ ಪುಟದವರೆಗೆ ತಲುಪಿದವರು ಕಿಟಕಿ ಅಕ್ಕ ಒಬ್ಬರೇ ಎಂಬುದು ಸಾಬೀತಾಗಿರುವುದರಿಂದ, ಅವರ ಸದಸ್ಯತ್ವವನ್ನು ರದ್ದುಪಡಿಸುವ ಪ್ರಸ್ತಾಪವನ್ನು ಆಡಳಿತಾತ್ಮಕ ಕಾರಣಗಳಿಗಾಗಿ ಕೈಬಿಡಲಾಗಿದೆ.

(ಸಹಿ)
ಮುಖ್ಯಾಧಿಕಾರಿ ಹಾಗೂ ಕಾದಂಬರಿಕಾರರು

ಪ್ರತಿಗಳು:

1. ಎಲ್ಲ ಶಾಖಾ ವಾಚನಾಲಯಗಳಿಗೆ, ಕಟ್ಟುನಿಟ್ಟಿನ ಪಾಲನೆಗಾಗಿ.

2. ನಗದು ಗುಮಾಸ್ತರು ಮತ್ತು ಕಪಾಟು ಸಹಾಯಕರಿಗೆ, ಕಾದಂಬರಿಯನ್ನು ಮತ್ತೊಮ್ಮೆ, ಅಂದರೆ ಮೊದಲ ಬಾರಿಗೆ, ಓದುವ ಸೂಚನೆಯೊಂದಿಗೆ.

3. ಮುಖ್ಯಾಧಿಕಾರಿಗಳ ಧರ್ಮಪತ್ನಿಯವರಿಗೆ, ಸಮಯ ಸಂದರ್ಭ ನೋಡಿಕೊಂಡು.

4. ಕಿಟಕಿ ಅಕ್ಕನವರಿಗೆ. ನಾಯಕಿ ಸತ್ತ ನಂತರವೂ ಕಾದಂಬರಿಯಲ್ಲಿ ಎರಡು ಅಧ್ಯಾಯಗಳು ಬಾಕಿ ಇರುತ್ತವೆ. ನಗುತ್ತಲಾದರೂ ಸರಿ, ದಯವಿಟ್ಟು ಓದಿ ಮುಗಿಸಬೇಕೆಂದು ಕೋರಲಾಗಿದೆ.